ನಿಂಬೆಹಣ್ಣಿನಿಂದ ನಿಧಿಯವರೆಗೆ

ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಹೆಜ್ಜೆ ಹಾಕಿದರೆ ಗೇಟು ಗೇಟಿನ ಮುಂದೆಯೂ ಒಡೆದ ಬೂದುಗುಂಬಳ, ಕುಂಕುಮ ಮೆತ್ತಿದ ನಿಂಬೆ ಹೋಳು, ಕರ್ಪೂರ ಉರಿದ ಕಪ್ಪು ಗುರುತು ಕಾಣುತ್ತವೆ. ಸತ್ಯಮಂಗಲ ಎಂದೊಡನೆ ಹೊರಗಿನವರಿಗೆ ತಮಿಳುನಾಡಿನ ಕಾಡು, ಅದರ ಹಿಂದೆಯೇ ವೀರಪ್ಪನ್ ನೆನಪಾಗುವುದುಂಟು. ನಾನು ಹೇಳುತ್ತಿರುವುದು ತುಮಕೂರು ನಗರದ ಅಂಚಿನ ಸತ್ಯಮಂಗಲ. ಇಲ್ಲಿ ಕಾಡಿಲ್ಲ, ಲೇತ್ ಯಂತ್ರಗಳಿವೆ, ಗೋದಾಮುಗಳಿವೆ, ಲಾರಿಗಳಿವೆ. ಲಾರಿಗಳ ಮುಂದೆ ದಾರದಲ್ಲಿ ಪೋಣಿಸಿದ ಮೆಣಸಿನಕಾಯಿ ಇದೆ. ಯಂತ್ರದ ಸಹನಶಕ್ತಿಯನ್ನು ಮೈಕ್ರಾನುಗಳಲ್ಲಿ ಅಳೆಯಬಲ್ಲ ಮಾಲೀಕರೇ ಕುಂಬಳಕಾಯಿಯನ್ನೂ ಒಡೆಸುತ್ತಾರೆ. ಇದನ್ನು ಕಂಡು ನಗುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಕುಂಬಳಕಾಯಿಯಿಂದ ಯಾರ ಮನೆಯೂ ಹಾಳಾಗಿಲ್ಲ. ಅದರ ಮೇಲೆ ಜಾರಿ ಬಿದ್ದ ದ್ವಿಚಕ್ರ ಸವಾರರ ಮಾತು ಬೇರೆ.

ಆದರೆ ಇದೇ ಊರಿನ ಸುತ್ತ ಒಂದು ಗಂಟೆಯ ಹಾದಿಯೊಳಗೆ ನಡೆದ ಎರಡು ಸಂಗತಿಗಳು ನಗುವಂಥವಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಿಲಿನಲ್ಲಿ ಇರಿಸಲಾಗಿತ್ತು. ಮಳೆಗಾಳಿಯ ಆ ದಿನಗಳಲ್ಲಿ ಕೂಸು ಉಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಕುಚ್ಚಂಗಿ ಕೆರೆಯಂಗಳದಲ್ಲಿ ಸುಟ್ಟು ಕರಕಲಾದ ಕಾರೊಂದರೊಳಗೆ ಬೆಳ್ತಂಗಡಿ ಕಡೆಯ ಮೂವರ ಶವಗಳು ಸಿಕ್ಕವು. ನಿಧಿಯಲ್ಲಿ ಸಿಕ್ಕ ಚಿನ್ನವನ್ನು ಅಗ್ಗದ ಬೆಲೆಗೆ ಕೊಡಿಸುವ ಆಸೆ ತೋರಿಸಿ ಕರೆಸಿಕೊಂಡು ಕೊಲ್ಲಲಾಯಿತೆಂಬುದು ಪೊಲೀಸರ ಆರೋಪ. ಒಂದರಲ್ಲಿ ಮಂತ್ರವಾದಿಯ ಅಗತ್ಯವೇ ಇರಲಿಲ್ಲ, ದೇವರ ಮುನಿಸಿನ ಭಯವಷ್ಟೇ ಸಾಕಾಯಿತು. ಇನ್ನೊಂದರಲ್ಲಿ ಅತೀಂದ್ರಿಯ ಶಕ್ತಿಯ ಮಾತೂ ಬೇಕಾಗಲಿಲ್ಲ, ಭೂಮಿಯೊಳಗೆ ಹೊನ್ನಿನ ಕೊಪ್ಪರಿಗೆ ಇದೆಯೆಂಬ ಹಳೆಯ ನಂಬಿಕೆಯೇ ಬಂಡವಾಳವಾಯಿತು. ಇವೆರಡನ್ನೂ ಕುಂಬಳಕಾಯಿಯನ್ನೂ ಸೇರಿಸಿ ನಾವು ಇಟ್ಟುಕೊಂಡಿರುವ ಪದ ಒಂದೇ: ಮೌಢ್ಯ.

ಈ ಒಂದೇ ಪದ ನಮ್ಮ ಚಿಂತನೆಯನ್ನು ಮಂಕು ಮಾಡಿದೆ ಎಂಬುದು ನನ್ನ ದೂರು. ಜನಪದರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದ್ದರು. ಕಣಿ ಹೇಳುವ ಕೊರವಂಜಿ ಬೇರೆ, ಬುಡಬುಡಿಕೆಯವನು ಬೇರೆ. ಅಂಜನ ಹಾಕಿ ಕಳವು ಪತ್ತೆ ಮಾಡುವವನು ಬೇರೆ, ಯಂತ್ರ ಬರೆದು ತಾಯಿತ ಕಟ್ಟುವವನು ಬೇರೆ. ಮೈಮೇಲೆ ದೇವರು ಬರುವವನು ಬೇರೆ, ಮಾಟ ಮಾಡುವವನು ಬೇರೆ, ಮಾಟ ತೆಗೆಯುವವನು ಮತ್ತೂ ಬೇರೆ. ಯಾರ ಹತ್ತಿರ ಏನು ಕೇಳಬೇಕು, ಯಾರ ಮನೆಯ ನೀರು ಕುಡಿಯಬಾರದು ಎಂಬುದು ಹಳ್ಳಿಯ ಮುದುಕಿಯರಿಗೆ ಗೊತ್ತಿತ್ತು. ನಮ್ಮ ಕಾಯ್ದೆಗೆ ಗೊತ್ತಿಲ್ಲ.

ಬೀದಿಯವರಿಂದಲೇ ಆರಂಭಿಸೋಣ. ಬೆಳಗಿನ ಜಾವ ಬುಡಬುಡಿಕೆ ಆಡಿಸುತ್ತ ಹಾಲಕ್ಕಿ ನುಡಿಯಿತೆಂದು ಶುಭ ಹೇಳುವವರು, ಗಿಣಿಯ ಕೈಯಲ್ಲಿ ಚೀಟಿ ತೆಗೆಸುವವರು, ಕವಡೆ ಹಾಕುವವರು. ಇವರ ಆದಾಯ ಒಂದು ಮೊರ ರಾಗಿ, ಒಂದು ಹಳೆಯ ಪಂಚೆ. ಭವಿಷ್ಯ ಬಹುಪಾಲು ಒಳ್ಳೆಯದೇ ಇರುತ್ತದೆ, ಏಕೆಂದರೆ ಕೆಟ್ಟದ್ದು ಹೇಳಿದರೆ ರಾಗಿ ಬೀಳುವುದಿಲ್ಲ. ಇವರು ಸಮಾಜಕ್ಕೆ ಮಾಡಿದ ಹಾನಿಗಿಂತ ಸಮಾಜ ಇವರಿಗೆ ಮಾಡಿದ ಹಾನಿ ದೊಡ್ಡದು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದಾಗ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಜನ ಸೇರಿ ಹೊಡೆದು ಕೊಂದ ಐವರೂ ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಭಿಕ್ಷುಕ ಸಮುದಾಯದವರು. ಆಗ ನಮ್ಮ ರಾಜ್ಯದಲ್ಲಿಯೂ ಊರೂರು ಅಲೆಯುವವರು ಅಂಜಿ ನಡೆಯಬೇಕಾಯಿತು. ವೈಚಾರಿಕತೆಯ ಬಾಣವನ್ನು ಈ ಜನರತ್ತ ತಿರುಗಿಸುವುದರಲ್ಲಿ ನನಗೆ ಯಾವ ಶೌರ್ಯವೂ ಕಾಣುವುದಿಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ವರ್ಗವಿದೆ. ಇವರನ್ನು ಯಾರೂ ಮಂತ್ರವಾದಿ ಎನ್ನುವುದಿಲ್ಲ. ಅಂಗೈಯ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು, ಅಥವಾ ಕವಲೊಡೆದ ಹಸಿಕಡ್ಡಿ ಹಿಡಿದುಕೊಂಡು ಹೊಲದಲ್ಲಿ ನಡೆಯುವ, ಕಾಯಿ ಎದ್ದು ನಿಂತ ಕಡೆ ಸುಣ್ಣದ ಗುರುತು ಹಾಕುವ ಜಲಶೋಧಕರು. ಗುಬ್ಬಿ ಕಡೆಯ ನಮ್ಮ ತೋಟದಲ್ಲಿ ನನ್ನ ತಂದೆ ನಾಲ್ಕು ಬಾರಿ ಕೊಳವೆಬಾವಿ ಕೊರೆಸಿದರು. ನಾಲ್ಕೂ ಬಾರಿ ಜಾಗ ತೋರಿಸಿದ್ದು ತೆಂಗಿನಕಾಯಿಯೇ. ಎರಡರಲ್ಲಿ ನೀರು ಬಂತು. ಆ ಎರಡರ ಕಥೆಯನ್ನು ತಂದೆ ಕೊನೆಯವರೆಗೂ ಹೇಳುತ್ತಿದ್ದರು. ಬಾರದ ಎರಡರ ಮಾತನ್ನು ತಾಯಿ ಮಾತ್ರ, ಅದೂ ಮಾರಿದ ಒಡವೆಯ ಪ್ರಸ್ತಾಪ ಬಂದಾಗ, ಎತ್ತುತ್ತಿದ್ದರು.

ಜಲಶೋಧಕರ ಖ್ಯಾತಿಯ ಗುಟ್ಟು ಅವರ ಕೈಯಲ್ಲಿಲ್ಲ, ನಮ್ಮ ನೆಲದಲ್ಲಿದೆ. ಇದು ಗಟ್ಟಿ ಕಲ್ಲಿನ ಸೀಮೆ. ನೀರು ಮರಳಿನಲ್ಲಿ ಇಂಗಿದಂತೆ ಎಲ್ಲೆಡೆ ಹರಡಿರುವುದಿಲ್ಲ, ನೈಸ್ ಶಿಲೆಯ ಬಿರುಕುಗಳಲ್ಲಿ ಮತ್ತು ಮೇಲಿನ ಸವೆದ ಪದರದಲ್ಲಿ ನಿಂತಿರುತ್ತದೆ. ಅಂತರ್ಜಲ ಮೇಲಿದ್ದ ಕಾಲದಲ್ಲಿ ಆ ಸವೆದ ಪದರಕ್ಕೆ ಎಲ್ಲಿ ಕೊರೆದರೂ ಅಷ್ಟಿಷ್ಟು ನೀರು ಸಿಗುತ್ತಿತ್ತು. ಹಾಗಾಗಿ ಎಲ್ಲ ತೆಂಗಿನಕಾಯಿಗಳೂ ಸತ್ಯ ನುಡಿದವು. ನೀರು ಆಳಕ್ಕೆ ಇಳಿದ ಮೇಲೆ ಬಿರುಕು ಸಿಕ್ಕರುಂಟು, ಇಲ್ಲದಿದ್ದರೆ ಇಲ್ಲ. ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಇಂಥ ಜಲಶೋಧಕರನ್ನು ಪರೀಕ್ಷಿಸಲಾಗಿತ್ತು. ಎರಡಂತಸ್ತಿನ ಕೊಟ್ಟಿಗೆಯ ಕೆಳಗಡೆ ಕೊಳವೆಯನ್ನು ಅತ್ತಿತ್ತ ಸರಿಸುತ್ತ, ಮೇಲಿನವರು ಅದರ ಜಾಗ ಹೇಳಬೇಕಾಗಿತ್ತು. ಪರೀಕ್ಷೆ ನಡೆಸಿದವರು ಕೆಲವರಿಗೆ ಶಕ್ತಿಯಿದೆ ಎಂದರು. ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಅಮೆರಿಕದ ವಿಜ್ಞಾನಿ ಎನ್‌ರೈಟ್, ಕಣ್ಣುಮುಚ್ಚಿ ಊಹಿಸಿದರೂ ಇಷ್ಟೇ ಫಲ ಸಿಗುತ್ತದೆಂದು 1999ರಲ್ಲಿ ತೋರಿಸಿದರು. ಇರಲಿ. ನಮ್ಮ ರೈತ ತೆಂಗಿನಕಾಯಿಯನ್ನು ನಂಬುವುದು ಭೂವಿಜ್ಞಾನಿಯನ್ನು ಅಲ್ಲಗಳೆದು ಅಲ್ಲ. ಭೂವಿಜ್ಞಾನಿ ಅವನ ಹೊಲಕ್ಕೆ ಬರುವುದಿಲ್ಲ ಎಂಬ ಕಾರಣಕ್ಕೆ. ಕೊರೆಯುವ ಲಾರಿ ರಾತ್ರಿಯೇ ಬಂದು ನಿಂತಿದೆ, ಬೆಳಗಾಗುವುದರೊಳಗೆ ಎಲ್ಲಿ ಎಂದು ಹೇಳಬೇಕು. ಯಾರೋ ಒಬ್ಬರು ಆ ನಿರ್ಧಾರದ ಭಾರವನ್ನು ಅವನ ತಲೆಯಿಂದ ಇಳಿಸಬೇಕು.

ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವಾಸವಾಗಿದ್ದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಕಂಡದ್ದೂ ಇದನ್ನೇ. ಅಲ್ಲಿನ ಬೆಸ್ತರು ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ಹೇಳುತ್ತಿರಲಿಲ್ಲ. ತೆರೆದ ಸಮುದ್ರಕ್ಕೆ ಹೊರಟಾಗ ಮಾತ್ರ ವಿಧಿವಿಧಾನಗಳೆಲ್ಲ ಬೇಕಾಗುತ್ತಿದ್ದವು. ಕಾಲುವೆ ನೀರಿನ ಮಂಡ್ಯದ ಗದ್ದೆಗೆ ತೆಂಗಿನಕಾಯಿಯ ಜ್ಯೋತಿಷ ಬೇಕಿಲ್ಲ, ನಮ್ಮ ತೋಟಗಳಿಗೆ ಬೇಕಾಯಿತು.

ದೇವರು ಮಾತಾಡುವ ಬಗೆಗೆ ಬರುತ್ತೇನೆ. ಇಲ್ಲಿ ಅವಸರದ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ತಿಪಟೂರು ತಾಲ್ಲೂಕಿನ ದಸರೀಘಟ್ಟದಲ್ಲಿ ಚೌಡೇಶ್ವರಿ ಬರೆದು ಉತ್ತರ ಕೊಡುತ್ತಾಳೆಂಬ ನಂಬಿಕೆ ನಾಡಿನಾಚೆಗೂ ಹಬ್ಬಿದೆ. ದೇವಿಯ ಉತ್ಸವಮೂರ್ತಿಯನ್ನು ಇಬ್ಬರು ಹಿಡಿದುಕೊಳ್ಳುತ್ತಾರೆ. ಹಿಟ್ಟು ಹರಡಿದ ಹಲಗೆಯ ಮೇಲೆ ಅದರ ತುದಿ ಓಡಾಡಿ ಕನ್ನಡದ ಅಕ್ಷರಗಳು ಮೂಡುತ್ತವೆ. ಮದುವೆ, ಸಂತಾನ, ವ್ಯಾಜ್ಯ, ಕಳೆದುಹೋದ ಮಗ, ಹೀಗೆ ಜನ ಏನೇನನ್ನೋ ಹೊತ್ತು ಬಂದು ಕೂರುತ್ತಾರೆ. ಕರಾವಳಿಯ ಪಾತ್ರಿಯ ನುಡಿಯಾಗಲೀ, ನಮ್ಮ ಕಡೆಯ ಗ್ರಾಮದೇವತೆಯ ಪೂಜಾರಿಯ ಮೈಮೇಲೆ ಬರುವ ಅಪ್ಪಣೆಯಾಗಲೀ ಇದೇ ಕುಟುಂಬಕ್ಕೆ ಸೇರಿದವು. ಇವುಗಳಲ್ಲಿ ತೊಡಗಿದವರು ಬೇಕೆಂದೇ ಮೋಸ ಮಾಡುತ್ತಾರೆಂದು ತಿಳಿಯುವುದು ತಪ್ಪು. 1853ರಲ್ಲಿ ಇಂಗ್ಲೆಂಡಿನ ದಿವಾನಖಾನೆಗಳಲ್ಲಿ ಪ್ರೇತಗಳು ಮೇಜು ತಿರುಗಿಸುವ ಹುಚ್ಚು ಹಬ್ಬಿದಾಗ ಮೈಕೆಲ್ ಫ್ಯಾರಡೆ ಒಂದು ಸರಳ ಸಾಧನದಿಂದ ಅದನ್ನು ಪರೀಕ್ಷಿಸಿದ. ಮೇಜು ಕೈಗಳನ್ನು ಎಳೆಯುತ್ತಿರಲಿಲ್ಲ, ಕೈಗಳೇ ಮೇಜನ್ನು ತಳ್ಳುತ್ತಿದ್ದವು. ಆದರೆ ತಳ್ಳುತ್ತಿದ್ದವರಿಗೇ ಅದರ ಅರಿವಿರಲಿಲ್ಲ. ಪ್ರಾಮಾಣಿಕರ ಕೈಯೂ ಮನಸ್ಸಿನ ನಿರೀಕ್ಷೆಯಂತೆ ತಾನಾಗಿ ಚಲಿಸಬಲ್ಲದು ಎಂಬುದು ಅಂದಿನಿಂದ ತಿಳಿದಿರುವ ಸಂಗತಿ. ತೆಂಗಿನಕಾಯಿ ಎದ್ದು ನಿಲ್ಲುವುದೂ ಇದೇ ಬಗೆಯಿಂದ.

ಮೈಮೇಲೆ ಬರುವುದರಲ್ಲಿ ಇನ್ನೂ ಒಂದು ಒಳಸುಳಿ ಇದೆ. ಹನ್ನೆರಡು ತಿಂಗಳೂ ತಗ್ಗಿದ ದನಿಯಲ್ಲಿ ಬದುಕುವ ಸೊಸೆ, ದೇವಿ ಬಂದ ಅರ್ಧ ಗಂಟೆ ಮಾತ್ರ ಅತ್ತೆಯನ್ನು ಏಕವಚನದಲ್ಲಿ ಗದರಿಸಬಲ್ಲಳು. ಇಡೀ ಮನೆ ಕೈಮುಗಿದು ನಿಂತು ಕೇಳುತ್ತದೆ. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಕರ್ನಾಟಕದ ಹಳ್ಳಿಗಳಲ್ಲಿ ಮೈದುಂಬುವಿಕೆಯನ್ನು ಅಧ್ಯಯನ ಮಾಡಿ, ಅದರ ಹಿಂದಿನ ಮನೋವ್ಯಥೆಯನ್ನು ದಶಕಗಳ ಕಾಲ ಕನ್ನಡದಲ್ಲಿಯೇ ಜನರಿಗೆ ತಿಳಿಸಿಕೊಟ್ಟರು. ದೆವ್ವ ಇಲ್ಲ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ದೆವ್ವದ ಬಾಯಿಂದ ಮಾತಾಡುತ್ತಿರುವವರ ಅಳಲೇನೆಂದು ಕೇಳಿದರು. ದೆವ್ವ ಬಿಡಿಸುವ ನೆಪದಲ್ಲಿ ಬೇವಿನ ಬರಲಿನಿಂದ ಹೊಡೆದು, ಮೆಣಸಿನಕಾಯಿ ಹೊಗೆ ಹಾಕುವವರಿಗೂ ಅವರಿಗೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ನಿಮ್ಹಾನ್ಸ್‌ನ ಮತ್ತೊಂದು ಅಧ್ಯಯನ ನನ್ನಂಥ ಸಂದೇಹವಾದಿಗಳಿಗೆ ಮುಜುಗರ ತಂದದ್ದು. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ರಘುರಾಮ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಔಷಧಿಯಿಲ್ಲ, ಹೊಡೆತವಿಲ್ಲ, ವಿಶೇಷ ವಿಧಿಯೂ ಇಲ್ಲ. ಮನೆಯವರೊಬ್ಬರ ಜೊತೆ ದೇವಸ್ಥಾನದಲ್ಲಿ ಕೆಲವು ವಾರ ಇದ್ದು ಕಸ ಗುಡಿಸಿ, ನೀರು ಹಾಕಿ, ಪೂಜೆ ನೋಡುವುದಷ್ಟೇ. ರೋಗಲಕ್ಷಣಗಳು ಸರಾಸರಿ ಶೇಕಡ 20ರಷ್ಟು ಕಡಿಮೆಯಾಗಿದ್ದವು. ಇದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತಲಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದು, ಸರಪಣಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಸತ್ತರು. ಎರಡೂ ಕಡೆ ನಂಬಿಕೆ ಇತ್ತು. ಒಂದು ಕಡೆ ಆದರವಿತ್ತು, ಇನ್ನೊಂದು ಕಡೆ ಸರಪಣಿ ಇತ್ತು. ನಂಬಿಕೆ ಸರಿಯೋ ತಪ್ಪೋ ಎಂದು ವಾದಿಸುತ್ತ ಕುಳಿತವರಿಗೆ ಸರಪಣಿ ಕಾಣಿಸುವುದು ತಡವಾಗುತ್ತದೆ.

ಹಾವು, ಚೇಳು, ಕಾಮಾಲೆಗೆ ಮಂತ್ರ ಹಾಕುವವರದು ನಿರುಪದ್ರವಿಯಂತೆ ಕಾಣುವ ವರ್ಗ. ಎಷ್ಟೋ ಮಂದಿ ಹಣವನ್ನೂ ಮುಟ್ಟುವುದಿಲ್ಲ. ದುಡ್ಡು ತೆಗೆದುಕೊಂಡರೆ ವಿದ್ಯೆ ಹೋಗುತ್ತದೆಂದು ಪ್ರಾಮಾಣಿಕವಾಗಿ ನಂಬಿದವರು. ಆದರೆ ಇವರು ತೆಗೆದುಕೊಳ್ಳುವುದು ಹಣಕ್ಕಿಂತ ಬೆಲೆಯುಳ್ಳದ್ದು: ಸಮಯ. ನಮ್ಮಲ್ಲಿ ಕಡಿಯುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಈ ಎಲ್ಲರೂ ಮಂತ್ರದಿಂದ ಬದುಕಿದರೆಂದು ಎಣಿಕೆಯಾಗುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಲ್ಲಿ ಒಂದು ನಿಜವಾಗಿ ವಿಷವೇರಿಸಿದ ದಿನ ಮಂತ್ರಗಾರನ ಜಗುಲಿಯಲ್ಲಿ ಕಳೆದ ಒಂದು ಗಂಟೆಯೇ ಮರಣಶಾಸನವಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು, ಮನೆಯಲ್ಲಿಯೋ ದಾರಿಯಲ್ಲಿಯೋ ಪ್ರಾಣಬಿಟ್ಟವರು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮಂತ್ರಗಾರರ ವಿರುದ್ಧ ಇದುವರೆಗೆ ಆದ ಅತ್ಯಂತ ಪರಿಣಾಮಕಾರಿ ಕ್ರಮ ಇದೇ ಎಂದರೆ ವಿಚಿತ್ರವೆನಿಸಬಹುದು, ಏಕೆಂದರೆ ಆ ಆದೇಶದ ಉದ್ದೇಶವೇ ಅದಲ್ಲ. ಸಾವುಗಳ ಲೆಕ್ಕವಿದ್ದರೆ ಔಷಧಿಯ ಲೆಕ್ಕವೂ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಖಂಡಿತ ಸಿಗುತ್ತದೆಂದು ಗೊತ್ತಾದರೆ ಜನ ಜಗುಲಿಯನ್ನು ತಾವಾಗಿಯೇ ಬಿಡುತ್ತಾರೆ.

ಇಷ್ಟೆಲ್ಲ ವರ್ಗಗಳಲ್ಲಿ ನಾನು ನಿಜವಾಗಿ ಅಂಜುವುದು ಒಬ್ಬನಿಗೆ. ಅವನು ಶತ್ರುವನ್ನು ತೋರಿಸಿಕೊಡುವವನು.

ತೆಂಗಿಗೆ ನುಸಿ ಬಿದ್ದ ವರ್ಷಗಳು, ಎಂದರೆ 2000ದ ಆಚೀಚೆ, ನಮ್ಮ ಜಿಲ್ಲೆಯವರಿಗೆ ಮರೆತುಹೋಗುವಂಥವಲ್ಲ. ಕಾಯಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ, ಬಿರಿದು, ನಿಂಬೆಯ ಗಾತ್ರಕ್ಕೇ ನಿಲ್ಲುತ್ತಿದ್ದವು. ಕುಣಿಗಲ್ ಕಡೆಯ ನಮ್ಮ ಪರಿಚಯದ ಮನೆಯೊಂದರಲ್ಲಿ ಅಣ್ಣತಮ್ಮಂದಿರು ಆಗತಾನೇ ಹಿಸ್ಸೆಯಾಗಿದ್ದರು. ಅಣ್ಣನ ಪಾಲಿನ ಮರಗಳಿಗೆ ನುಸಿ ಜಾಸ್ತಿ, ತಮ್ಮನ ಮರಗಳಿಗೆ ತುಸು ಕಡಿಮೆ. ಅಣ್ಣ ಒಬ್ಬ ಮಂತ್ರವಾದಿಯ ಬಳಿ ಹೋದರು. ಮಂತ್ರವಾದಿ ಯಾರ ಹೆಸರನ್ನೂ ಹೇಳಲಿಲ್ಲ. ಅವನು ಹೇಳಿದ್ದು ಇಷ್ಟು: ನಿಮ್ಮ ಮನೆಯಿಂದ ದಕ್ಷಿಣಕ್ಕೆ, ರಕ್ತಸಂಬಂಧ, ನಿಮ್ಮ ಏಳಿಗೆ ಕಂಡು ಸಹಿಸದವರು. ದಕ್ಷಿಣಕ್ಕೆ ಇದ್ದದ್ದು ತಮ್ಮನ ಮನೆ. ಆ ವರ್ಷ ಇಡೀ ದಕ್ಷಿಣ ಭಾರತದ ತೆಂಗಿನ ತೋಟಗಳೇ ನುಸಿಗೆ ತುತ್ತಾಗಿದ್ದವು, ಕೃಷಿ ಇಲಾಖೆಯವರು ಬೇರಿಗೆ ಔಷಧಿ ಕಟ್ಟುವುದನ್ನು ಊರೂರಿಗೆ ಬಂದು ತೋರಿಸುತ್ತಿದ್ದರು. ಅಣ್ಣ ಅದನ್ನೂ ಕಟ್ಟಿಸಿದರು. ತಮ್ಮನ ಮನೆಯ ಹೊಸಿಲನ್ನು ಮಾತ್ರ ಮತ್ತೆ ತುಳಿಯಲಿಲ್ಲ. ತಮ್ಮನ ಮಗಳ ಮದುವೆಗೆ ಹೋಗಲಿಲ್ಲ, ತಾಯಿಯ ತಿಥಿಯನ್ನು ಬೇರೆ ಬೇರೆ ಮಾಡಿದರು. ನುಸಿ ಹತೋಟಿಗೆ ಬಂದು ವರ್ಷಗಳಾದವು. ಬೇಲಿ ಹಾಗೆಯೇ ಇದೆ.

ಸುಡಾನಿನ ಅಜಾಂಡೆ ಜನರ ಬಗ್ಗೆ 1937ರಲ್ಲಿ ಬರೆದ ಇವಾನ್ಸ್-ಪ್ರಿಚರ್ಡ್ ಈ ತರ್ಕವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಗೆದ್ದಲು ತಿಂದ ಕಣಜ ಕುಸಿದು ಅದರ ನೆರಳಲ್ಲಿ ಕುಳಿತವರು ಗಾಯಗೊಂಡರೆ, ಗೆದ್ದಲಿನಿಂದ ಕಂಬ ಟೊಳ್ಳಾಯಿತೆಂಬುದು ಅಜಾಂಡೆಗಳಿಗೂ ಗೊತ್ತಿತ್ತು. ಅವರ ಪ್ರಶ್ನೆ ಬೇರೆ: ಇವರು ಕುಳಿತ ಹೊತ್ತಿನಲ್ಲಿಯೇ ಏಕೆ ಬಿತ್ತು? ವಿಜ್ಞಾನ ನುಸಿ ಹೇಗೆ ಬಂತೆಂದು ಹೇಳುತ್ತದೆ, ನನಗೇ ಏಕೆ ಎಂಬುದಕ್ಕೆ ಉತ್ತರ ಕೊಡುವುದಿಲ್ಲ, ಕೊಡಲೂಬಾರದು. ಆ ಖಾಲಿ ಜಾಗದಲ್ಲಿ ಬಂದು ಕೂರುವವರು ಹಲವರು. ಕರ್ಮ ಎಂದವರು ಇದ್ದಾರೆ, ಗ್ರಹಚಾರ ಎಂದವರು ಇದ್ದಾರೆ. ಗ್ರಹಚಾರ ಎಂದರೆ ಶನಿಗೆ ಎಳ್ಳೆಣ್ಣೆ ಹಚ್ಚಿದರಾಯಿತು, ಶನಿ ಯಾರ ತಮ್ಮನೂ ಅಲ್ಲ. ಮಾಟ ಎಂದವನು ಮಾತ್ರ ಒಂದು ಮನೆಯ ಬಾಗಿಲಿನತ್ತ ಬೆರಳು ತೋರಿಸುತ್ತಾನೆ. ನಮ್ಮ ಬಸ್ ನಿಲ್ದಾಣಗಳ ಗೋಡೆಗಳಲ್ಲಿ ಕೊಳ್ಳೇಗಾಲದ, ಕೇರಳದ ಹೆಸರು ಹೇಳಿ ಅಂಟಿಸಿರುವ ವಶೀಕರಣದ ಚೀಟಿಗಳನ್ನು ಗಮನಿಸಿ. ಶತ್ರುನಾಶ ಎಂಬ ಪದ ತಪ್ಪದೆ ಇರುತ್ತದೆ. ಶತ್ರು ಇಲ್ಲದ ಗಿರಾಕಿಗೂ ಅಲ್ಲಿ ಶತ್ರು ಸಿಗುತ್ತಾನೆ. ಭಾನಾಮತಿಯ ಹೆಸರಿನಲ್ಲಿ ಬೀದರ್, ಕಲಬುರಗಿ ಸೀಮೆಯಲ್ಲಿ ನೆರೆಹೊರೆಯವರನ್ನು ಹಿಂಸಿಸಿದ್ದರ ಮೂಲವೂ ಈ ಬೆರಳೇ.

ನಮ್ಮ ರಾಜಕಾರಣಿಗಳು ಈ ಬೆರಳಿನ ಮುಂದೆ ಹಳ್ಳಿಗರಿಗಿಂತ ಭಿನ್ನರಲ್ಲ. 2024ರ ಮೇ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ತಮ್ಮ ಹಾಗೂ ಮುಖ್ಯಮಂತ್ರಿಯವರ ವಿರುದ್ಧ ಕೇರಳದಲ್ಲಿ ಪ್ರಾಣಿಬಲಿ ಸಹಿತ ಶತ್ರು ಭೈರವಿ ಯಾಗ ನಡೆಯುತ್ತಿದೆಯೆಂದು ಬಹಿರಂಗವಾಗಿ ಹೇಳಿದರು. ಕೇರಳ ಸರ್ಕಾರ ನಿರಾಕರಿಸಿತು. 2011ರಲ್ಲಿ ಬಿ.ಎಸ್. ಯಡಿಯೂರಪ್ಪನವರೂ ವಿರೋಧಿಗಳು ಮಾಟ ಮಾಡಿಸುತ್ತಿದ್ದಾರೆಂದು ದೂರಿದ್ದರು. ಮುಖ್ಯಮಂತ್ರಿಗಳು ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ನಂಬಿಕೆಯಿಂದ ಒಂದು ಜಿಲ್ಲಾ ಕೇಂದ್ರವೇ ವರ್ಷಗಟ್ಟಲೆ ಮುಖ್ಯಮಂತ್ರಿಯ ಮುಖ ಕಾಣಲಿಲ್ಲ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಅಲ್ಲಿಗೆ ಹೋಗಿಯೂ 2013ರಿಂದ 2018ರವರೆಗೆ ಪೂರ್ಣ ಅವಧಿ ಮುಗಿಸಿದರು. ವೈಚಾರಿಕತೆಯ ಮೇಲಿನ ನೂರು ಭಾಷಣಗಳಿಗಿಂತ ಆ ಪ್ರವಾಸಗಳು ಹೆಚ್ಚು ಕೆಲಸ ಮಾಡಿದವೆಂದು ನನ್ನ ಎಣಿಕೆ.

ಕಾಯ್ದೆಯ ವಿಚಾರ. 1976ರಲ್ಲಿ ಎರಡು ಸಂಗತಿಗಳು ಜೊತೆಯಲ್ಲಿ ನಡೆದವು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿದರು. ಎಚ್ಚೆನ್ ಯಾರನ್ನೂ ಜೈಲಿಗೆ ಹಾಕಿಸಹೊರಟವರಲ್ಲ. ಬನ್ನಿ, ನಮ್ಮೆದುರು ಮಾಡಿ ತೋರಿಸಿ ಎಂದರು. ಕರೆದವರು ಬರಲಿಲ್ಲ, ಅದೇ ಉತ್ತರವಾಯಿತು. ಮುಂದೆ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರು 2013ರ ಆಗಸ್ಟ್ 20ರಂದು ಕೊಲೆಯಾದ ಬೆನ್ನಿಗೆ ಅಲ್ಲಿ ಕಾನೂನು ಬಂತು. ಕರ್ನಾಟಕದ ಮೌಢ್ಯ ಪ್ರತಿಬಂಧಕ ಕಾಯ್ದೆ 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಗಿ 2020ರ ಜನವರಿ 4ರಿಂದ ಜಾರಿಯಲ್ಲಿದೆ. ಒಂದರಿಂದ ಏಳು ವರ್ಷಗಳ ಸಜೆ, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ನಿಧಿಗಾಗಿ ವಾಮಾಚಾರ, ದೆವ್ವ ಬಿಡಿಸುವ ಹೊಡೆತ, ಹಾವು ಕಡಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು, ಬೆತ್ತಲೆ ಸೇವೆ, ಮುಟ್ಟಾದ ಹೆಣ್ಣುಮಕ್ಕಳನ್ನು ಊರ ಹೊರಗಿಡುವುದು ಇವೆಲ್ಲ ಅಪರಾಧಗಳ ಪಟ್ಟಿಯಲ್ಲಿವೆ. ಪಟ್ಟಿ ಒಳ್ಳೆಯದೇ. ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆ ತಡೆಯಲು ಹೋದವರ ಮೇಲೆ ಹಲ್ಲೆಯಾದದ್ದನ್ನು ನೆನೆದರೆ ಕಾನೂನಿನ ಬಲ ಬೇಡವೆನ್ನಲಾಗದು.

ವಿನಾಯಿತಿಗಳ ಪಟ್ಟಿಯಲ್ಲಿ ಮಾತ್ರ ನಮ್ಮ ವರ್ಗದ ಕೈವಾಡ ಕಾಣುತ್ತದೆ. ವಾಸ್ತು ಸಲಹೆಗೆ ವಿನಾಯಿತಿ, ಜ್ಯೋತಿಷಿಗಳ ಸಲಹೆಗೆ ವಿನಾಯಿತಿ. ಹಳ್ಳಿಯ ಪೂಜಾರಿ ಕಾನೂನಿನ ಒಳಗೆ, ಬೆಳಗಿನ ಟಿ.ವಿ. ಪರದೆಯ ಮೇಲೆ ಕುಳಿತು ಫೋನಿನಲ್ಲಿ ಅಳುವ ಹೆಂಗಸಿಗೆ ಯಾರೋ ಆಗದವರು ಏನೋ ಮಾಡಿಸಿದ್ದಾರಮ್ಮ ಎಂದು ಹೇಳುವವರು ಹೊರಗೆ. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ, ಯಂತ್ರಗಳಿಗೆ ಅತೀಂದ್ರಿಯ ಶಕ್ತಿಯಿದೆಯೆಂದು ಟಿ.ವಿ.ಯಲ್ಲಿ ಜಾಹೀರಾತು ಮಾಡಿ ಮಾರುವುದು ಮಹಾರಾಷ್ಟ್ರದ ಕಾಯ್ದೆಯಡಿ ಅಪರಾಧವೆಂದು ಹೇಳಿತು. ಆ ನಿಷ್ಠುರತೆಯನ್ನು ನಮ್ಮಲ್ಲಿ ಇನ್ನೂ ಕಾಣಬೇಕಾಗಿದೆ. 1954ರಷ್ಟು ಹಿಂದೆಯೇ ಕೇಂದ್ರ ಸರ್ಕಾರ ಮಾಂತ್ರಿಕ ಚಿಕಿತ್ಸೆಯ ಜಾಹೀರಾತುಗಳನ್ನು ನಿರ್ಬಂಧಿಸಿದೆ. ಅದು ಕಾಯಿಲೆಗಳಿಗೆ ಸೀಮಿತ. ಶತ್ರುನಾಶ ಕಾಯಿಲೆಯಲ್ಲವಲ್ಲ.

ಹಾಗಾದರೆ ಜ್ಯೋತಿಷಿಗಳನ್ನೂ ಜೈಲಿಗೆ ಕಳಿಸಬೇಕೆ? ನನ್ನ ವಾದ ಅದಲ್ಲ. ಯಾವ ಶಕ್ತಿಯನ್ನು ನಂಬುತ್ತಾನೆ ಎಂಬುದರಿಂದ ಮಂತ್ರವಾದಿಯನ್ನು ಅಳೆಯಬಾರದು. ಗಿರಾಕಿಯಿಂದ ಏನನ್ನು ಕಸಿಯುತ್ತಾನೆ ಎಂಬುದರಿಂದ ಅಳೆಯಬೇಕು. ಮುಷ್ಟಿ ರಾಗಿ ಪಡೆಯುವವನನ್ನು ಬಿಟ್ಟುಬಿಡಿ. ಸಮಯ ಕಸಿಯುವವನಿಗೆ ಪೈಪೋಟಿಯಾಗಿ ಆಂಬುಲೆನ್ಸ್ ನಿಲ್ಲಿಸಿ. ದೇಹಕ್ಕೆ ಕೈಹಾಕುವವನನ್ನೂ, ನೆರೆಯವರ ಮೇಲೆ ಬೆರಳು ತೋರಿಸುವವನನ್ನೂ, ಆತ ಹುತ್ತದ ಬಳಿ ಕುಳಿತಿರಲಿ, ಹವಾನಿಯಂತ್ರಿತ ಸ್ಟುಡಿಯೋದಲ್ಲಿ ಕುಳಿತಿರಲಿ, ಒಂದೇ ಕಲಮಿನಡಿ ತನ್ನಿ.

ಪೊಲೀಸರೊಬ್ಬರಿಂದಲೇ ಆಗುವ ಕೆಲಸವೂ ಇದಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಗೆಬಗೆಯ ಮನೋರೋಗಗಳಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಅವರು ಹೋಗುವುದು ಎಲ್ಲಿಗೆ? ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಮುಜಾವರರೂ ಮನೋವೈದ್ಯರೂ ಒಂದೇ ಆವರಣದಲ್ಲಿ ಕುಳಿತು, ದುವಾ ಮಾಡಿಸಿಕೊಂಡವರನ್ನು ದವಾ ಕಡೆಗೂ ಕಳಿಸುವ ಏರ್ಪಾಡು ನಡೆದುಬಂತು. ನಮ್ಮಲ್ಲಿಯೂ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಯೋಜನೆ ರೂಪುಗೊಂಡಿತ್ತು. ಮಂಗಳವಾರ ಗ್ರಾಮದೇವತೆಯ ವಾರವೂ ಹೌದು. ಆ ದಿನ ಅಪ್ಪಣೆ ಕೇಳಲು ಬಂದ ಸಾಲಿನಲ್ಲಿ ನಿಂತವರಿಗೆ ಆಸ್ಪತ್ರೆಯ ದಾರಿಯನ್ನೂ ಹೇಳಿ ಎಂದು ಪೂಜಾರಿಯನ್ನು ಒಪ್ಪಿಸಬಹುದೇ ಎಂದು ಯಾರಾದರೂ ಕೇಳಿ ನೋಡಿದ್ದಾರೆಯೇ?

2023ರ ಆಗಸ್ಟ್‌ನಲ್ಲಿ, ಮಲ್ಲೇನಹಳ್ಳಿಯ ಕೂಸು ಸತ್ತ ಕೆಲವೇ ವಾರಗಳಿಗೆ, ಗುಬ್ಬಿ ತಾಲ್ಲೂಕಿನ ಇನ್ನೊಂದು ಗೊಲ್ಲರಹಟ್ಟಿಯ ಹೊರಗೆ ಮತ್ತೊಬ್ಬ ಬಾಣಂತಿ ಗುಡಿಸಿಲಿನಲ್ಲಿದ್ದಾರೆಂದು ತಿಳಿದ ಗುಬ್ಬಿಯ ನ್ಯಾಯಾಧೀಶರು ತಾವೇ ಅಲ್ಲಿಗೆ ಹೋದರು. ಹಿರಿಯರೊಂದಿಗೆ ಮಾತಾಡಿದರು, ತಾಯಿಮಗುವನ್ನು ಮನೆಯೊಳಕ್ಕೆ ಕರೆತಂದರು. ಆ ನ್ಯಾಯಾಧೀಶರು ಮಹಿಳೆ. ದೇವರು ಮುನಿಯುತ್ತಾನೆಂದು ಹಟ್ಟಿಯವರು ಅಂಜಿದ್ದರು. ಆ ರಾತ್ರಿ ಮಗು ಬೆಚ್ಚಗೆ ಮಲಗಿತು.